ವಾರ್ಷಿಕ ಚಂದಾ: ಯಾರ ಋಣ ಯಾರ ಮೇಲೆ?



ನಮ್ಮ ಈ ಮಾಸಪತ್ರಿಕೆಯ ಚಂದಾಹಣವನ್ನು ತಿಂಗಳು ತಿಂಗಳಿಗೆ ಸಂಗ್ರಹಿಸುತ್ತಿರುವ ಕ್ರಮವನ್ನು ಬಿಟ್ಟು, ವರ್ಷಕ್ಕೊಮ್ಮೆ ಮುಂಗಡವಾಗಿ ಪಡೆಯುವ ಕ್ರಮಕ್ಕೆ ಬರಬೇಕೆಂಬ ಸೂಚನೆಯೊಂದನ್ನು ಪತ್ರಿಕೆಯ ವ್ಯವಸ್ಥಾಪಕರು ನಮ್ಮ ಮುಂದಿಟ್ಟಿದ್ದರು. ಬಿಡಿ ಸಂಚಿಕೆಗೆ 20 ರೂಪಾಯಿಯಂತೆ ವರ್ಷಕ್ಕೆ 240 ರೂಪಾಯಿ ಆಗುತ್ತದೆ. ಮುಂಗಡವಾಗಿ ಕೊಟ್ಟವರಿಗೆ 200 ರೂಪಾಯಿ ಸಾಕು ಎಂಬುದು ಅವರ ಲೆಕ್ಕ. ಸಹಿ ಹಾಕಿಬಿಟ್ಟರೆ ಮುಗಿಯುವ ಕೆಲಸ. ಇಷ್ಟಕ್ಕೆ ಒಂದು ಲೇಖನವೇಕೆಂದು ನೀವು ಕೇಳಬಹುದು. ನಾವೂ ಹಾಗೆಯೇ ಎಣಿಸಿದ್ದೆವು. ಆ ಕಾಗದ ಎರಡು ತಿಂಗಳ ಕಾಲ ಸಹಿಯಾಗದೆ ನಮ್ಮ ಮೇಜಿನ ಮೇಲೆ ಉಳಿದದ್ದು ಮಧುವನಹಳ್ಳಿಯ ತಾಯಿಯೊಬ್ಬರ ಮಾತಿನಿಂದ.

ಮಧುವನಹಳ್ಳಿ ಕೊಳ್ಳೇಗಾಲದಿಂದ ಹನೂರಿನ ಕಡೆಗೆ, ಮಾದಪ್ಪನ ಬೆಟ್ಟದ ದಾರಿಯಲ್ಲಿರುವ ಊರು. ಅಲ್ಲಿ ನಮ್ಮ ಪತ್ರಿಕೆಯ ಇಪ್ಪತ್ತಾರು ಪ್ರತಿಗಳು ಓದಲ್ಪಡುತ್ತವೆ. ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಉಪಾಧ್ಯಾಯರಾಗಿ ನಿವೃತ್ತರಾದ ಹಿರಿಯರೊಬ್ಬರು ತಿಂಗಳ ಮೊದಲ ಸೋಮವಾರ ಮನೆಮನೆಗೂ ಹೋಗಿ ಪ್ರತಿಯನ್ನು ಕೊಟ್ಟು, ಇಪ್ಪತ್ತು ರೂಪಾಯಿ ಪಡೆದು, ತಗಡಿನ ಡಬ್ಬಿಯೊಂದರಲ್ಲಿ ಹಾಕಿಟ್ಟುಕೊಳ್ಳುತ್ತಾರೆ. ಕಳೆದ ಶ್ರಾವಣದಲ್ಲಿ ನಾವು ಆ ಊರಿಗೆ ದಯಮಾಡಿಸಿದ್ದಾಗ, ಪೂಜೆ ಪ್ರಸಾದಗಳು ಮುಗಿದ ಮೇಲೆ ಈ ವಿಷಯ ಪ್ರಸ್ತಾಪಕ್ಕೆ ಬಂತು. ಇನ್ನು ಮುಂದೆ ವರ್ಷಕ್ಕೊಂದೇ ಸಲ ಹಣ ಕೊಟ್ಟರಾಯಿತು ಎಂದು ಉಪಾಧ್ಯಾಯರು ಸಂತೋಷದಿಂದಲೇ ಸಾರಿದರು. ಅವರಿಗೂ ಮೊಣಕಾಲು ನೋವು. ಗೋಡೆಗೊರಗಿ ಕುಳಿತಿದ್ದ, ಎಪ್ಪತ್ತು ದಾಟಿದ ತಾಯಿಯೊಬ್ಬರು, “ಬುದ್ಧಿ, ಒಂದು ಮಾತು ಕೇಳ್ಲಾ?” ಎಂದರು. ಕೇಳಿ ತಾಯಿ ಎಂದೆವು. “ನಾನು ಇನ್ನೊಂದು ವರ್ಷ ಇರ್ತೀನಿ ಅಂತ ನಿಮಗೆ ಯಾರು ಹೇಳಿದ್ರು? ಅದು ಹೋಗ್ಲಿ, ಪುಸ್ತಕ ಒಂದು ವರ್ಷ ಬರ್ತದೆ ಅಂತ ನನಗೆ ಯಾರು ಹೇಳೋರು?”

ಸಭೆ ನಕ್ಕಿತು. ನಾವೂ ನಕ್ಕೆವು. ಮಠಕ್ಕೆ ಹಿಂದಿರುಗುವ ದಾರಿಯಲ್ಲಿ ಮಾತ್ರ ಆ ನಗು ಉಳಿಯಲಿಲ್ಲ. ಆಕೆಯ ಮೊದಲನೆಯ ಪ್ರಶ್ನೆ ಕಾಯದ ಅನಿತ್ಯತೆಯನ್ನು ಕುರಿತದ್ದು. ಅದಕ್ಕೆ ಉತ್ತರವಾಗಿ ಒಂದು ಗಂಟೆ ಪ್ರವಚನ ಮಾಡುವ ಸಾಮರ್ಥ್ಯ ನಮಗುಂಟು, ಅನೇಕ ಸಲ ಮಾಡಿಯೂ ಇದ್ದೇವೆ. ಎರಡನೆಯ ಪ್ರಶ್ನೆ ನಮ್ಮನ್ನು ಕುರಿತದ್ದು. ಅದಕ್ಕೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ.

ಮೊದಲು ವ್ಯವಸ್ಥಾಪಕರ ಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಮುದ್ರಣದ ಕಾಗದವನ್ನು ತಿಂಗಳಿಗಷ್ಟು ಎಂದು ಕೊಳ್ಳುವುದಕ್ಕೂ, ಕೈಯಲ್ಲಿ ಹಣವಿದ್ದಾಗ ಒಟ್ಟಿಗೆ ರೀಮುಗಟ್ಟಲೆ ಕೊಳ್ಳುವುದಕ್ಕೂ ಬೆಲೆಯಲ್ಲಿ ಅಂತರವುಂಟು. ಮುದ್ರಣಾಲಯಕ್ಕೆ ಕೊಡಬೇಕಾದದ್ದನ್ನು ಕೊಡದೆ ಮುಂದೂಡುವ ಸಂಕಟ ತಪ್ಪುತ್ತದೆ. ಎಷ್ಟು ಪ್ರತಿ ಅಚ್ಚು ಹಾಕಿಸಬೇಕೆಂಬುದು ಮೊದಲೇ ತಿಳಿದಿರುತ್ತದೆ. ನಮ್ಮ ದೇಶದ ಕಾನೂನು ಕೂಡ ಚಂದಾದಾರನಿಗೆ ಒಂದು ವಿಶೇಷ ಸ್ಥಾನವನ್ನು ಕೊಟ್ಟಿತ್ತು. 1898ರ ಅಂಚೆ ಕಾಯಿದೆಯಂತೆ, ಒಂದು ಪತ್ರಿಕೆ ನೋಂದಾಯಿತ ವೃತ್ತಪತ್ರಿಕೆಯೆನಿಸಿ ರಿಯಾಯಿತಿ ದರದಲ್ಲಿ ಅಂಚೆಯ ಮೂಲಕ ಹೋಗಬೇಕಾದರೆ ಅದು 31 ದಿನಗಳಿಗೆ ಮೀರದ ಅಂತರದಲ್ಲಿ ಪ್ರಕಟವಾಗಬೇಕಿತ್ತು. ಜೊತೆಗೆ ಅದಕ್ಕೆ ನಿಜವಾದ ಚಂದಾದಾರರ ಪಟ್ಟಿ ಇರಬೇಕಿತ್ತು. ಆ ಕಾಯಿದೆಯ ಸ್ಥಾನದಲ್ಲಿ ಈಗ 2023ರ ಹೊಸ ಕಾಯಿದೆ ಬಂದಿದೆ. ಆದರೆ ಹಳೆಯ ಕಾಯಿದೆಯ ಆ ಎರಡು ಷರತ್ತುಗಳನ್ನು ಒಟ್ಟಿಗೆ ಓದಿದಾಗ ನಮಗೆ ಒಂದು ಅರ್ಥ ಹೊಳೆಯುತ್ತದೆ: ಪತ್ರಿಕೆ ತಪ್ಪದೆ ಬರುತ್ತದೆಂಬ ಮಾತು ಒಂದು ಕಡೆ, ಅದನ್ನು ನಂಬಿ ಹೆಸರು ಬರೆಸಿದವರು ಇನ್ನೊಂದು ಕಡೆ. ಇವೆರಡೂ ಸೇರಿದರೆ ಮಾತ್ರ ಅದು ಪತ್ರಿಕೆ. ಇಲ್ಲದಿದ್ದರೆ ಬರಿಯ ಅಚ್ಚಾದ ಕಾಗದ.

ವರ್ಷಕ್ಕೊಮ್ಮೆ ಕೊಡುವುದು ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಇವರೆಲ್ಲರೂ ವರ್ಷವಿಡೀ ರೈತನ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಆಯವನ್ನು ಅಳೆಸಿಕೊಂಡು ಹೋಗುತ್ತಿದ್ದರು. ಗುಳ ಹರಿತ ಮಾಡಿಸಿದ ದಿನವೇ ಯಾರೂ ಕಮ್ಮಾರನಿಗೆ ದುಡ್ಡೆಣಿಸುತ್ತಿರಲಿಲ್ಲ. ಈ ಪದ್ಧತಿಯನ್ನು ಹೊಗಳಿ ಬರೆಯುವವರುಂಟು. ನಾವು ಅಷ್ಟು ದೂರ ಹೋಗಲಾರೆವು. ಅದರೊಳಗೆ ಜಾತಿಯ ಕ್ರೌರ್ಯ ಅಡಗಿತ್ತು. ಮಳೆ ಹೋದ ವರ್ಷ ಆಯಗಾರನ ಒಲೆಯೇ ಮೊದಲು ಆರುತ್ತಿತ್ತು, ಆತ ಕೇಳುವಂತೆಯೂ ಇರಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಆ ಪದ್ಧತಿಯಲ್ಲಿ ಕಾದವನು ಕೆಲಸ ಮಾಡಿಕೊಟ್ಟವನು, ಮತ್ತು ಅವನು ದುರ್ಬಲ. ವಾರ್ಷಿಕ ಚಂದಾದಲ್ಲಿ ಕಾಯುವವನು ಹಣ ಕೊಟ್ಟವನು. ಎರಡರಲ್ಲೂ ಒಂದು ವರ್ಷದ ನಂಬಿಕೆಯ ಭಾರವನ್ನು ಒಬ್ಬನ ತಲೆಯ ಮೇಲೆ ಹೊರಿಸಲಾಗಿದೆ. ತಿಂಗಳಿಗೊಮ್ಮೆ ಕೈಯಿಂದ ಕೈಗೆ ಕೊಟ್ಟು ತೆಗೆದುಕೊಳ್ಳುವ ಕ್ರಮದಲ್ಲಿ ಈ ಭಾರವೇ ಇಲ್ಲ. ಸಂಚಿಕೆ ಬಂತು, ಹಣ ಹೋಯಿತು, ಇಬ್ಬರೂ ಮುಕ್ತರು.

ಹಾಗಾದರೆ ಯಾರ ಮೇಲೂ ಭಾರವಿಲ್ಲದ ಕ್ರಮವೇ ಶ್ರೇಷ್ಠವೆ? ಮಾನಸಗಂಗೋತ್ರಿಯಲ್ಲಿ ನಾವು ತತ್ತ್ವಶಾಸ್ತ್ರವನ್ನು ಓದುತ್ತಿದ್ದಾಗ ಡೇವಿಡ್ ಹ್ಯೂಮನ ಗ್ರಂಥದಲ್ಲಿ ಒಂದು ನಿದರ್ಶನ ಬಂದಿತ್ತು. ಮಾನವ ಸ್ವಭಾವವನ್ನು ಕುರಿತ ಆತನ ಗ್ರಂಥದ ನೀತಿವಿಚಾರದ ಭಾಗ ಪ್ರಕಟವಾದದ್ದು 1740ರಲ್ಲಿ. ಅಲ್ಲಿ ಇಬ್ಬರು ರೈತರು ಬರುತ್ತಾರೆ. ಒಬ್ಬನ ಪೈರು ಇಂದು ಕೊಯ್ಲಿಗೆ ಬಂದಿದೆ, ಇನ್ನೊಬ್ಬನದು ನಾಳೆ ಬರುತ್ತದೆ. ಇಂದು ನಾನು ನಿನಗೆ ದುಡಿದರೆ ನಾಳೆ ನೀನು ನನಗೆ ದುಡಿಯುವೆಯೆಂಬ ಭರವಸೆ ಇಬ್ಬರಿಗೂ ಇಲ್ಲ. ಆದ್ದರಿಂದ ಯಾರೂ ಮೊದಲು ಕೈಹಾಕುವುದಿಲ್ಲ. ಋತು ಮಾರ್ಪಟ್ಟು ಇಬ್ಬರ ಫಸಲೂ ಹಾಳಾಗುತ್ತದೆ. ನಮ್ಮ ಕಡೆ ಮುಯ್ಯಾಳು ಎಂಬ ವ್ಯವಸ್ಥೆಯನ್ನು ಕಂಡವರಿಗೆ ಹ್ಯೂಮನ ರೈತರು ಬಹಳ ಬಡಪಾಯಿಗಳಾಗಿ ತೋರುತ್ತಾರೆ, ಅದಿರಲಿ. ಕೊಡುವುದಕ್ಕೂ ಪಡೆಯುವುದಕ್ಕೂ ನಡುವೆ ಕಾಲದ ಅಂತರವಿರುವಲ್ಲಿ ಯಾರಾದರೊಬ್ಬರು ಮೊದಲು ನಂಬಲೇಬೇಕು. ಯಾರೂ ನಂಬದಿದ್ದರೆ ಪತ್ರಿಕೆಯೂ ಇಲ್ಲ, ಪಾಠಶಾಲೆಯೂ ಇಲ್ಲ. ಆದುದರಿಂದ ಮುಂಗಡ ಚಂದಾ ತಪ್ಪೆಂದು ನಾವು ಹೇಳುವುದಿಲ್ಲ. ಮೊದಲು ನಂಬಿದವನ ವಿಷಯದಲ್ಲಿ, ನಂಬಿಸಿಕೊಂಡವನು ತನ್ನನ್ನು ಏನೆಂದು ತಿಳಿದುಕೊಂಡಿದ್ದಾನೆಂಬುದು ನಮ್ಮ ಪ್ರಶ್ನೆ.

ಇದೇ ವಿದ್ಯಾರ್ಥಿದೆಸೆಯಲ್ಲಿ ನಾವು ಒಂದು ವಿಚಾರಪತ್ರಿಕೆಗೆ ವಾರ್ಷಿಕ ಚಂದಾ ಕಳುಹಿಸಿದ್ದೆವು. ಮೂವತ್ತು ರೂಪಾಯಿ ಇರಬೇಕು. ನಿಲಯದ ಊಟ ಉಚಿತವಾಗಿದ್ದ ನಮಗೆ ಕೈಯಲ್ಲಿ ಆಡುತ್ತಿದ್ದದ್ದು ಅಷ್ಟೇ. ನಾಲ್ಕು ಸಂಚಿಕೆ ಬಂದವು, ಐದನೆಯದು ಬರಲಿಲ್ಲ. ಎರಡು ಕಾಗದ ಬರೆದೆವು, ಉತ್ತರವೂ ಬರಲಿಲ್ಲ. ಮೂವತ್ತು ವರ್ಷ ಕಳೆದಿವೆ. ವೈರಾಗ್ಯವನ್ನು ಬೋಧಿಸುವ ನಾವು ಆ ಹಣವನ್ನು ಇಂದಿಗೂ ಮರೆತಿಲ್ಲವೆಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳುತ್ತೇವೆ. ಪತ್ರಿಕೆ ನಿಂತದ್ದು ಅಪರಾಧವಲ್ಲ. ಕನ್ನಡದಲ್ಲಿ ಪತ್ರಿಕೆ ನಡೆಸುವುದೇ ಒಂದು ತಪಸ್ಸು. ನಿಂತಿತೆಂದು ಹೇಳದೆ ಹೋದದ್ದು ನೋಯಿಸಿತು.

ದೊಡ್ಡವರಲ್ಲಿಯೂ ಇಂಥದು ನಡೆದಿದೆ. ಇಂಗ್ಲೆಂಡಿನ ಮಹಾವಿದ್ವಾಂಸ ಡಾ. ಸ್ಯಾಮ್ಯುಯೆಲ್ ಜಾನ್ಸನ್ ಷೇಕ್ಸ್‌ಪಿಯರನ ನಾಟಕಗಳ ಸಂಪಾದನೆಗಾಗಿ 1756ರಲ್ಲಿ ಪ್ರಕಟಣೆ ಹೊರಡಿಸಿ ಚಂದಾದಾರರಿಂದ ಹಣ ಪಡೆದ. ಮರುವರ್ಷದ ಕೊನೆಯೊಳಗೆ ಗ್ರಂಥ ಸಿದ್ಧವಾಗುತ್ತದೆಂದು ಹೇಳಿದ್ದ. ಅದು ಹೊರಬಂದದ್ದು 1765ರಲ್ಲಿ. ಅಷ್ಟರಲ್ಲಿ ಚಂದಾದಾರರ ಹೆಸರುಗಳೂ ಕಳೆದುಹೋಗಿದ್ದವು, ಹಣವೂ ಖರ್ಚಾಗಿತ್ತು. ಹೀಗೆಂದು ಆತನೇ ಒಪ್ಪಿಕೊಂಡನೆಂದು ಚರಿತ್ರಕಾರ ಬಾಸ್ವೆಲ್ ಬರೆದಿದ್ದಾನೆ. ಚರ್ಚಿಲ್ ಎಂಬ ಕವಿ ಈ ವಿಳಂಬವನ್ನು ಬಹಿರಂಗವಾಗಿಯೇ ಹಂಗಿಸಿದ್ದ. ಜಾನ್ಸನ್ ಕಳ್ಳನೆಂದು ಯಾರೂ ಹೇಳಲಾರರು. ಬಡತನವಿತ್ತು, ಕೈಗೆ ಬಂದ ಹಣ ಕೈಯಲ್ಲಿ ಕರಗಿತು. ಮುಂಗಡ ಹಣದ ಸ್ವಭಾವವೇ ಅದು. ನಾಳೆ ಮಾಡಬೇಕಾದ ಕೆಲಸದ ಕೂಲಿ ಇಂದೇ ಕೈಯಲ್ಲಿದ್ದರೆ, ಅದು ತನ್ನದೆಂಬ ಭ್ರಾಂತಿ ಒಳ್ಳೆಯವನನ್ನೂ ಹಿಡಿಯುತ್ತದೆ.

ಇದಕ್ಕೆ ಎದುರಾಗಿ ನಮ್ಮವರೇ ಆದ ಡಾ. ಫ. ಗು. ಹಳಕಟ್ಟಿಯವರನ್ನು ನೆನೆಯಬೇಕು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು 1926ರಲ್ಲಿ ‘ಶಿವಾನುಭವ’ವನ್ನು ತ್ರೈಮಾಸಿಕವಾಗಿ ಆರಂಭಿಸಿದರು, ವಚನಗಳ ಮುದ್ರಣಕ್ಕೆಂದು ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿದರು, ಇದಕ್ಕಾಗಿ ಸ್ವಂತ ಮನೆಯನ್ನೂ ಮಾರಿಕೊಂಡರು. ಚಂದಾ ಸಾಲದಾದಾಗ ಓದುಗರ ಕೈಬಿಡದೆ ತಮ್ಮ ಗಳಿಕೆಯನ್ನು ಸುರಿದರು. ಮೂರು ದಶಕಗಳಿಗೂ ಮಿಕ್ಕಿ ಪತ್ರಿಕೆ ನಡೆಯಿತು. 1964ರಲ್ಲಿ ಲಿಂಗೈಕ್ಯರಾದಾಗ ಅವರ ಬಳಿ ಆಸ್ತಿಯೆಂದು ಹೇಳುವಂಥದೇನೂ ಉಳಿದಿರಲಿಲ್ಲ. ಎಲ್ಲರೂ ಹಳಕಟ್ಟಿಯವರಾಗಬೇಕೆಂದು ಬಯಸುವುದು ಅನ್ಯಾಯ. ಪತ್ರಿಕೆ ನಡೆಸುವವನು ಸಾಲಗಾರನೆಂಬ ಎಚ್ಚರವನ್ನಾದರೂ ಅವರಿಂದ ಕಲಿಯಬಹುದು.

ಸಾಲಗಾರ ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಿಲ್ಲ. ಲೆಕ್ಕಶಾಸ್ತ್ರವನ್ನು ಬಲ್ಲವರನ್ನು ಕೇಳಿ ನೋಡಿ: ಮುಂಗಡವಾಗಿ ಬಂದ ಚಂದಾ ಆದಾಯದ ಕಲಮಿಗೆ ಸೇರುವುದಿಲ್ಲ, ಅದನ್ನು ಹೊಣೆಯ ಕಲಮಿನಲ್ಲಿ ಬರೆಯಬೇಕು. ಒಂದೊಂದು ಸಂಚಿಕೆ ತಲುಪಿದ ಹಾಗೆ ಹನ್ನೆರಡನೆಯ ಒಂದು ಭಾಗ ಆದಾಯವಾಗುತ್ತ ಹೋಗುತ್ತದೆ. ಬ್ಯಾಂಕಿನ ಗುಮಾಸ್ತನಿಗೆ ತಿಳಿದಿರುವ ಈ ಸತ್ಯ ಮಠಕ್ಕೆ ತಿಳಿಯುವುದು ಕಷ್ಟ. ಏಕೆಂದರೆ ಮಠಕ್ಕೆ ಬರುವ ಹಣ ಬಹುಮಟ್ಟಿಗೆ ಕಾಣಿಕೆ. ಕಾಣಿಕೆಯನ್ನು ಕೊಟ್ಟ ಭಕ್ತನು ಲೆಕ್ಕ ಕೇಳುವುದಿಲ್ಲ, ಕೇಳುವುದು ಅಪಚಾರವೆಂದು ಭಾವಿಸುತ್ತಾನೆ. ಆ ಹಾಸಿನ ಮೇಲೆ ಕುಳಿತು ಅಭ್ಯಾಸವಾದ ನಮಗೆ ಚಂದಾಹಣವೂ ಕಾಣಿಕೆಯಂತೆಯೇ ಕಾಣತೊಡಗುತ್ತದೆ. ಸಂಚಿಕೆಯೊಂದು ತಪ್ಪಿತೆ? ಭಕ್ತರು ಸಹಿಸುತ್ತಾರೆ. ಎರಡು ತಿಂಗಳದು ಸೇರಿ ಒಂದಾಗಿ ಬಂತೆ? ಯಾರೂ ಕೇಳುವುದಿಲ್ಲ. ಈ ಪತ್ರಿಕೆಯಲ್ಲಿಯೇ ಹೀಗಾದದ್ದುಂಟು, ಓದುಗರು ಕ್ಷಮಿಸಬೇಕು. ತಿಂಗಳ ಡಬ್ಬಿಯ ಕ್ರಮದಲ್ಲಿ ಸಂಚಿಕೆ ಬಾರದಿದ್ದರೆ ಇಪ್ಪತ್ತು ರೂಪಾಯಿ ಬರುತ್ತಿರಲಿಲ್ಲ, ನಮ್ಮ ತಪ್ಪು ನಮಗೇ ತಟ್ಟುತ್ತಿತ್ತು. ವಾರ್ಷಿಕ ಕ್ರಮದಲ್ಲಿ ತಪ್ಪು ನಮ್ಮದಾದರೂ ತಟ್ಟುವುದು ಓದುಗನಿಗೆ.

ಇಲ್ಲಿಗೆ ಬಂದಾಗ ಅಮರೇಶ್ವರದ ಆಯ್ದಕ್ಕಿ ದಂಪತಿಗಳ ಕಥೆ ನಮ್ಮನ್ನು ಬಿಡುವುದಿಲ್ಲ. ಕಲ್ಯಾಣದಲ್ಲಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ದೊರೆಯಿತು, ತಂದರು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇವೆ. ಹಾಗೆ ಹೇಳುತ್ತಲೇ ಹನ್ನೆರಡು ತಿಂಗಳ ಅಕ್ಕಿಯನ್ನು ಒಂದೇ ದಿನ ತನ್ನಿರೆಂದು ಭಕ್ತರಿಗೆ ಹೇಳುವುದು ಹೇಗೆ? ಪತ್ರಿಕೆಯೇನು ಒಬ್ಬರ ಊಟವಲ್ಲ, ನೂರು ಜನರ ವ್ಯವಸ್ಥೆ, ನಾಳೆಯನ್ನು ಎಣಿಸದೆ ವ್ಯವಸ್ಥೆ ನಡೆಯುವುದಿಲ್ಲ ಎಂಬ ಸಮಾಧಾನ ನಮ್ಮ ಬಳಿ ಉಂಟು. ಅದು ನಿಜವೂ ಹೌದು. ಆದರೂ ಲಕ್ಕಮ್ಮನವರ ಎದುರು ನಿಂತು ಆ ಸಮಾಧಾನವನ್ನು ಹೇಳುವ ಧೈರ್ಯ ನಮಗೆ ಇನ್ನೂ ಬಂದಿಲ್ಲ.

ಇನ್ನು ರಿಯಾಯಿತಿಯ ವಿಷಯ. ಒಟ್ಟಿಗೆ ಕೊಡಬಲ್ಲವನಿಗೆ 200, ಬಿಡಿಬಿಡಿಯಾಗಿ ಕೊಡುವವನಿಗೆ 240. ವ್ಯಾಪಾರದಲ್ಲಿ ಇದು ಎಲ್ಲೆಡೆಯೂ ಇರುವ ನಿಯಮ, ಅನೀತಿಯೆಂದು ಯಾರೂ ಹೇಳರು. ಉಳಿತಾಯ ಯಾರಿಂದಾಯಿತೋ ಅವರಿಗೆ ಅದನ್ನು ಹಿಂದಿರುಗಿಸುವುದು ನ್ಯಾಯವೆಂದೇ ವ್ಯವಸ್ಥಾಪಕರು ವಾದಿಸಿದರು. ಆದರೆ ಮಧುವನಹಳ್ಳಿಯ ಆ ತಾಯಿಯ ಮನೆಯನ್ನು ನೋಡಿ. ಮಗನಿಗೆ ಅರ್ಧ ಎಕರೆ ಹಿಪ್ಪುನೇರಳೆ ಇದೆ. ಹುಳು ಮೊಟ್ಟೆಯೊಡೆದು, ನಾಲ್ಕು ಜ್ವರ ದಾಟಿ, ಚಂದ್ರಿಕೆಗೆ ಏರಿ ಗೂಡು ಕಟ್ಟುವವರೆಗೆ ಸುಮಾರು ಒಂದು ತಿಂಗಳು. ನಡುವೆ ಸುಣ್ಣಕಟ್ಟು ರೋಗ ಬಂದರೆ ಅಷ್ಟೂ ದಿನದ ಸೊಪ್ಪು, ನಿದ್ದೆ, ಸಾಲ ಎಲ್ಲವೂ ಮಣ್ಣುಪಾಲು. ಗೂಡಿನ ಮಾರುಕಟ್ಟೆಯಲ್ಲಿ ಅಂದಿನ ಹರಾಜು ಎಷ್ಟಕ್ಕೆ ನಿಂತಿತೋ ಅದೇ ಅವರ ಆದಾಯ. ತಿಂಗಳೆಂಬುದು ಸಂಬಳದವನ ಅಳತೆ, ವರ್ಷವೆಂಬುದು ಉಳಿತಾಯವಿದ್ದವನ ಅಳತೆ; ಇವರ ಅಳತೆ ಬೆಳೆ. ಅವರ ಬಳಿ ಒಟ್ಟಿಗೆ 200 ರೂಪಾಯಿ ಇರುವುದೇ ಇಲ್ಲವೆಂದಲ್ಲ. ಇದ್ದ ದಿನ ಅದಕ್ಕೆ ಬೇರೆ ದಾರಿಗಳು ಕಾದಿರುತ್ತವೆ. ಹೀಗಾಗಿ ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ ಎಂಜಿನಿಯರು ಫೋನಿನಲ್ಲಿ ಒಂದು ಗುಂಡಿಯೊತ್ತಿ ಇದೇ ಪತ್ರಿಕೆಯನ್ನು 200ಕ್ಕೆ ಓದುತ್ತಾನೆ. ಈ ತಾಯಿ 240ಕ್ಕೆ ಓದುತ್ತಾಳೆ. ಅಂಗಡಿಯವನು ಹೀಗೆ ಮಾಡಬಹುದು. ದಾಸೋಹದ ಪಂಕ್ತಿಯಲ್ಲಿ ಉಳ್ಳವನ ಎಲೆಗೆ ಮೊದಲು ಬಡಿಸಿ ಇಲ್ಲದವನಿಂದ ಎಲೆಯ ದುಡ್ಡು ಕೇಳುವ ಮಠ ಇದನ್ನು ಮಾಡಬಹುದೆ?

ಎಂಜಿನಿಯರ ವಿಷಯದಲ್ಲಿಯೂ ಒಂದು ಅಪಾಯವಿದೆ, ಅದು ಬೇರೆ ಬಗೆಯದು. ವರ್ಷಕ್ಕೊಮ್ಮೆ ತಾನಾಗಿಯೇ ಖಾತೆಯಿಂದ ಕಡಿತವಾಗುವ ವ್ಯವಸ್ಥೆ ಈಗ ಬಂದಿದೆ. ಆತ ಪತ್ರಿಕೆಯನ್ನು ಓದುವುದನ್ನು ಬಿಟ್ಟು ಎರಡು ವರ್ಷವಾಗಿದ್ದರೂ ಹಣ ಬರುತ್ತಲೇ ಇರುತ್ತದೆ. ಮರೆವಿನಿಂದ ಬಂದ ಹಣಕ್ಕೂ ಭಕ್ತಿಯಿಂದ ಬಂದ ಹಣಕ್ಕೂ ಪೆಟ್ಟಿಗೆಯಲ್ಲಿ ವ್ಯತ್ಯಾಸ ಕಾಣದು. ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮದಂತೆ, ಕಾರ್ಡಿನಿಂದ ಹೀಗೆ ಹಣ ಕಡಿತವಾಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಖಾತೆದಾರನಿಗೆ ತಿಳಿಸಬೇಕು, ಬೇಡವೆನ್ನಲು ಅವಕಾಶ ಕೊಡಬೇಕು. ಕಾನೂನು ಇದನ್ನು ಹೇಳಬೇಕಾಗಿ ಬಂದದ್ದೇ ನಮಗೆ ನಾಚಿಕೆ ತಂದಿತು. ಕೊಡುವವನಿಗೆ ನೆನಪು ಮಾಡುವುದು ಪಡೆಯುವವನ ಕರ್ತವ್ಯವೆಂದು ಧರ್ಮಪೀಠಗಳು ಹೇಳಬೇಕಾಗಿತ್ತು.

ಇಷ್ಟೆಲ್ಲ ಯೋಚಿಸಿ ನಾವು ಮಾಡಿರುವ ತೀರ್ಮಾನವನ್ನು ತಿಳಿಸುತ್ತೇವೆ. ಮನೆಯಲ್ಲಿ ದೇವರಿಗೆಂದು ಮುಡಿಪು ಕಟ್ಟಿಟ್ಟ ಹಣವನ್ನು ಎಂಥ ಕಷ್ಟದಲ್ಲಿಯೂ ನಮ್ಮ ಜನ ಮುಟ್ಟುವುದಿಲ್ಲ. ಮಾದಪ್ಪನ ಒಕ್ಕಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಮುಂದೆ ಬರುವ ವಾರ್ಷಿಕ ಚಂದಾ ಓದುಗರ ಹೆಸರಿನಲ್ಲಿ ಮಠ ಕಟ್ಟುವ ಮುಡಿಪು. ಅದನ್ನು ಬೇರೆಯ ಖಾತೆಯಲ್ಲಿಟ್ಟು, ಸಂಚಿಕೆ ಅಂಚೆಗೆ ಬಿದ್ದ ಮೇಲೆಯೇ ಆ ತಿಂಗಳ ಒಂದು ಭಾಗವನ್ನು ತೆಗೆಯಬೇಕು. ಕಾಗದವನ್ನು ಒಟ್ಟಿಗೆ ಕೊಳ್ಳುವ ಲಾಭ ಇದರಿಂದ ಬಹುಪಾಲು ತಪ್ಪಿಹೋಗುತ್ತದೆಂದು ವ್ಯವಸ್ಥಾಪಕರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಕಾಗದಕ್ಕೆ ಬೇಕಾದ ಮೊತ್ತವನ್ನು ಮಠದ ನಿಧಿಯಿಂದ ಪತ್ರಿಕೆಗೆ ಕೈಗಡ ಕೊಡಿಸಿದ್ದೇವೆ. ಓದುಗನು ಲಿಂಗೈಕ್ಯನಾದರೆ ಉಳಿದ ಹಣವನ್ನು ಮನೆಯವರು ಕೇಳುವ ಮೊದಲೇ ಕಳುಹಿಸಬೇಕು. ವರ್ಷ ಮುಗಿಯುವ ಒಂದು ತಿಂಗಳ ಮುಂಚೆ ಒಂದು ಕಾರ್ಡು ಬರೆಯಬೇಕು. ಉತ್ತರ ಬಾರದಿದ್ದರೆ ಮುಂದಿನ ವರ್ಷದ ಹಣ ತೆಗೆದುಕೊಳ್ಳಕೂಡದು. ಹೀಗೆ ಮಾಡಿದರೆ ಚಂದಾದಾರರ ಸಂಖ್ಯೆ ಇಳಿಯುತ್ತದೆ ಎಂದರು. ಇಳಿಯಲಿ ಎಂದೆವು. ಸ್ವಲ್ಪ ಭಯದಿಂದಲೇ ಎಂದೆವು.

ರಿಯಾಯಿತಿಯನ್ನು ಕೈಬಿಟ್ಟಿದ್ದೇವೆ. ಓದುಗರಲ್ಲಿ ಅರ್ಧದಷ್ಟು ಮಂದಿ ವರ್ಷಕ್ಕೊಮ್ಮೆ ಕೊಟ್ಟರೂ ಆಗುವ ಉಳಿತಾಯದಿಂದ ಬಿಡಿ ಸಂಚಿಕೆಯ ಬೆಲೆಯನ್ನು ಎಲ್ಲರಿಗೂ 18 ರೂಪಾಯಿಗೆ ಇಳಿಸಬಹುದೆಂದು ಲೆಕ್ಕ ತೋರಿತು. ಆದುದರಿಂದ ಒಟ್ಟಿಗೆ ಕೊಟ್ಟವರಿಗೆ 216, ಬಿಡಿಯಾಗಿ ಕೊಟ್ಟವರಿಗೂ ವರ್ಷದ ಕೊನೆಗೆ ಅಷ್ಟೇ. ಒಟ್ಟಿಗೆ ಕೊಡುವ ಎಂಜಿನಿಯರಿಗೆ ತನ್ನದಲ್ಲದ ಉಳಿತಾಯ ದೊರೆಯುವುದಿಲ್ಲ. ತನ್ನಿಂದಾಗಿ ಮತ್ತೊಬ್ಬರಿಗೆ ಬೆಲೆ ಇಳಿಯಿತೆಂಬುದು ಆತನಿಗೆ ಸಾಕಾಗುತ್ತದೆಯೆ, ಕಾದು ನೋಡಬೇಕು. ಗೂಡು ಮಾರಿದಾಗ ಕೊಡುತ್ತೇವೆನ್ನುವವರಿಗೂ ಪಟ್ಟಿಯಲ್ಲಿ ಸ್ಥಳವುಂಟು.

ಕಾರ್ತಿಕದ ಸೋಮವಾರ ಮಧುವನಹಳ್ಳಿಯ ಉಪಾಧ್ಯಾಯರು ಮಠಕ್ಕೆ ಬಂದು ಪಟ್ಟಿ ಒಪ್ಪಿಸಿದರು. ಒಂಬತ್ತು ಮಂದಿ ವರ್ಷದ ಹಣ ಕೊಟ್ಟಿದ್ದಾರೆ. ಹದಿಮೂರು ಮಂದಿ ಡಬ್ಬಿಗೇ ಹಾಕುತ್ತೇವೆಂದರಂತೆ. ಮೂವರು ಗೂಡಿನ ಮೇಲೆ ಬರೆಸಿದ್ದಾರೆ. ಇಪ್ಪತ್ತಾರನೆಯ ಹೆಸರಿನ ಮುಂದೆ 54 ರೂಪಾಯಿ ಎಂದಿತ್ತು. ಇದೇನು ಎಂದು ಕೇಳಿದೆವು. “ಆ ತಾಯಿ ಕೊಟ್ಟದ್ದು ಬುದ್ಧಿ,” ಎಂದರು ಅವರು. “ಮೂರು ತಿಂಗಳು ನಂಬ್ತೀನಿ, ಆಮೇಲೆ ನೋಡವ ಅಂತ ಹೇಳಿ ಅಂದ್ರು.”